ಯಾರೂ ಇಲ್ಲದ ದಾರಿ ಯಾರದು?

ಸೈಕಲ್ ಪ್ರವಾಸದ ಬರಹಗಳಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತದೆ: ‘ನಿರ್ಜನ’. ನಿರ್ಜನ ದಾರಿ, ನಿರ್ಜನ ಬೆಟ್ಟ, ನಿರ್ಜನ ಬಯಲು. ಡಾಂಬರು ಬಿಟ್ಟು ಗರಸು ದಾರಿಗೆ ಇಳಿಯಬಲ್ಲ, ಅಗಲ ಟೈರಿನ ‘ಗ್ರಾವೆಲ್ ಬೈಕ್’ ಬಂದ ಮೇಲಂತೂ ಈ ಪದಕ್ಕೆ ಬೇಡಿಕೆ ಹೆಚ್ಚಿದೆ. ಲಾರಿ ಬಸ್ಸುಗಳ ಗದ್ದಲವಿಲ್ಲದ ದಾರಿ ಸಿಕ್ಕಿತಲ್ಲ ಎಂಬ ಸಂತೋಷ ಅದರಲ್ಲಿದೆ, ಆ ಸಂತೋಷ ಸುಳ್ಳೂ ಅಲ್ಲ. ಆದರೆ ಬಳ್ಳಾರಿಯಿಂದ ಕುರುಗೋಡಿಗೆ, ಅಲ್ಲಿಂದ ಸಿರುಗುಪ್ಪದ ಕಡೆಗೆ ಹೊಲಗಳ ನಡುವೆ ಹಾಯುವ ಯಾವುದೇ ಬಂಡಿ ದಾರಿಯ ಮೇಲೆ ಈ ಪದವನ್ನು ಇಟ್ಟು ನೋಡಿ. ಅದು ಅಲ್ಲಿ ನಿಲ್ಲುವುದಿಲ್ಲ. ಆ ದಾರಿಯನ್ನು ಸವೆಸಿದ್ದು ಬಂಡಿಯ ಚಕ್ರ, ಕುರಿಯ ಕಾಲು, ಹತ್ತಿ ಬಿಡಿಸಲು ಹೋಗುವ ಹೆಂಗಸರ ನಡಿಗೆ. ಯಾರೂ ಇಲ್ಲದಿದ್ದರೆ ಅಲ್ಲಿ ದಾರಿಯೇ ಇರುತ್ತಿರಲಿಲ್ಲ. ಹಾಗಾದರೆ ಸವಾರ ಬರೆಯುವ ‘ನಿರ್ಜನ’ ಎಂಬುದರ ಅರ್ಥವೇನು? ‘ನನ್ನಂಥವರು ಯಾರೂ ಇಲ್ಲ’ ಎಂದಷ್ಟೇ ತಾನೇ?

ಮೊದಲು ಆ ನೆಲವನ್ನೇ ನೋಡೋಣ. ಕುರುಗೋಡಿನ ಸುತ್ತ ಗುಂಡುಬಂಡೆಗಳನ್ನು ಪೇರಿಸಿಟ್ಟಂತಿರುವ ಗ್ರಾನೈಟ್ ಗುಡ್ಡಗಳು. ಅವುಗಳ ಬುಡದಲ್ಲಿ ಮರಳು ಬೆರೆತ ಕೆಂಪು ಮಸಬು, ಸ್ವಲ್ಪ ಆಚೆ ಹೋದರೆ ಕಪ್ಪು ಎರೆ. ಸಿರುಗುಪ್ಪ ಹತ್ತಿರವಾದಂತೆ ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ, ನೀರಿನ ಹಿಂದೆ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ರೈತರ ‘ಕ್ಯಾಂಪು’ಗಳು. ನಾಲ್ಕು ತಾಸಿನ ಸವಾರಿಯಲ್ಲಿ ಮೂರು ಬೇಸಾಯಗಳು, ಎರಡು ಭಾಷೆಗಳು ಎದುರಾಗುತ್ತವೆ. ಸೈಕಲ್ಲಿಗೆ ಈ ವ್ಯತ್ಯಾಸ ಕಣ್ಣಿಗಿಂತ ಮೊದಲೇ ತಿಳಿಯುತ್ತದೆ. ಮಸಬಿನಲ್ಲಿ ಚಕ್ರ ಹೂತು ಹಿಡಿಯುತ್ತದೆ, ಗರಸಿನ ಮೇಲೆ ಕರಕರ ಸದ್ದು ಮಾಡುತ್ತದೆ. ಎರೆಯ ಮೇಲೆ ಒಂದು ಮಳೆ ಬಿದ್ದರಂತೂ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು, ಸವಾರನೇ ಸೈಕಲ್ಲನ್ನು ಹೊತ್ತು ನಡೆಯಬೇಕಾಗುತ್ತದೆ. ನೆಲವನ್ನು ಅಕ್ಷರವಾಗಿ ಓದಲು ಇದಕ್ಕಿಂತ ಒಳ್ಳೆಯ ವಾಹನವಿಲ್ಲ. ಹೀಗಿದ್ದೂ ಈ ಓದು ಬರಹಕ್ಕೆ ಇಳಿಯುವಾಗ ಸೂರ್ಯೋದಯ, ತಂಗಾಳಿ, ಕಿಲೋಮೀಟರುಗಳ ಲೆಕ್ಕವಾಗಿಬಿಡುತ್ತದೆ. ಕೊರತೆ ಇರುವುದು ಸೈಕಲ್ಲಿನಲ್ಲಲ್ಲ, ಗದ್ಯದಲ್ಲಿ.

ಗರಸು ದಾರಿಯ ಸವಾರಿಗೆ ಹೆಸರು ತಂದ ನೆಲಗಳಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಮುಖ್ಯವಾದುದು. ಅಲ್ಲಿನ ಎಂಪೋರಿಯಾ ಪಟ್ಟಣದಲ್ಲಿ 2006ರಲ್ಲಿ ಶುರುವಾದ ದೂರದ ಸ್ಪರ್ಧೆ ಇಂದು ‘ಅನ್‌ಬೌಂಡ್ ಗ್ರಾವೆಲ್’ ಎಂಬ ಹೆಸರಿನಲ್ಲಿ ಜಗತ್ತಿನ ಸವಾರರನ್ನು ಸೆಳೆಯುತ್ತದೆ. ಹುಲ್ಲು ಬೆಳೆದ ಬೋಳು ದಿಣ್ಣೆಗಳು, ಚೂಪು ಕಲ್ಲಿನ ದಾರಿ, ದನಗಳ ಮೇವು: ನಮ್ಮ ಸೀಮೆಯವರಿಗೆ ಪೂರ್ತಿ ಅಪರಿಚಿತವಾದ ನೋಟವೇನಲ್ಲ. ಸ್ಪರ್ಧೆ ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲೇ, 1991ರಲ್ಲಿ, ಅದೇ ಬೆಟ್ಟಸಾಲಿನ ಚೇಸ್ ಎಂಬ ಒಂದೇ ಒಂದು ಕೌಂಟಿಯ ಬಗ್ಗೆ ವಿಲಿಯಂ ಲೀಸ್ಟ್ ಹೀಟ್-ಮೂನ್ ‘ಪ್ರೇರಿಅರ್ತ್’ ಎಂಬ ದಪ್ಪ ಪುಸ್ತಕ ಬರೆದ. ಹೆದ್ದಾರಿಯಲ್ಲಿ ಹೋಗುವವರು ‘ಇಲ್ಲೇನೂ ಇಲ್ಲ’ ಎಂದು ದಾಟಿಬಿಡುವ ಜಾಗವದು. ಆತ ಅದನ್ನು ನಕ್ಷೆಯ ಚೌಕಗಳಾಗಿ ಹಂಚಿಕೊಂಡು, ಪ್ರತಿ ಚೌಕದಲ್ಲೂ ನಡೆದು, ಹುಲ್ಲು, ಕಲ್ಲು, ಪ್ರವಾಹ, ರೈಲು, ಹೋಟೆಲು, ಅಲ್ಲಿಂದ ಹೊರದಬ್ಬಲ್ಪಟ್ಟ ಮೂಲನಿವಾಸಿಗಳು ಎಲ್ಲರನ್ನೂ ಒಳಗೆ ಕರೆದುಕೊಂಡ. ‘ಆಳದ ನಕ್ಷೆ’ ಎಂಬುದು ಅವನು ಆ ಬಗೆಯ ಬರಹಕ್ಕೆ ಕೊಟ್ಟ ಹೆಸರು. ಬಯಲು ಖಾಲಿಯಾಗಿ ಕಂಡರೆ ಸಮಸ್ಯೆ ಬಯಲಿನದಲ್ಲ, ನೋಡುವವನ ವೇಗದ್ದು ಎಂಬುದು ಆ ಪುಸ್ತಕ ನಮಗೆ ಕಲಿಸುವ ಪಾಠ.

ಇನ್ನೊಂದು ಮಾದರಿ ಐರ್ಲೆಂಡಿನ ಡರ್ವ್ಲಾ ಮರ್ಫಿ ಅವರದು. 1963ರಲ್ಲಿ ಒಬ್ಬರೇ ಸೈಕಲ್ ತುಳಿದು ಐರ್ಲೆಂಡಿನಿಂದ ಭಾರತಕ್ಕೆ ಬಂದ ಆಕೆ 1965ರಲ್ಲಿ ‘ಫುಲ್ ಟಿಲ್ಟ್’ ಪ್ರಕಟಿಸಿದರು. ಮುಂದೆ ಕೊಡಗಿನ ಬಗ್ಗೆಯೂ ಬರೆದರು. ಅವರ ಗದ್ಯದಲ್ಲಿ ಸೈಕಲ್ಲಿಗೆ ಹೊಗಳಿಕೆ ಕಡಿಮೆ, ದಾರಿಯಲ್ಲಿ ಸಿಕ್ಕವರಿಗೆ ಜಾಗ ಹೆಚ್ಚು. ಸೈಕಲ್ ಸವಾರ ಎಲ್ಲಿ ಬೇಕಾದರೂ ನಿಲ್ಲಬಹುದು. ಅದಕ್ಕಿಂತ ಮುಖ್ಯವಾಗಿ, ಅವನನ್ನು ಯಾರು ಬೇಕಾದರೂ ನಿಲ್ಲಿಸಬಹುದು. ಕಾರಿನ ಗಾಜಿನೊಳಗೆ ಕೂತವನಿಗೆ ಈ ಭಾಗ್ಯವಿಲ್ಲ. ನಮ್ಮ ಕಡೆ ಹೊಲದ ಬದುವಿನ ಮೇಲೆ ನಿಂತವರು ಹೆಲ್ಮೆಟ್ ಹಾಕಿದ ಸವಾರನನ್ನು ಕಂಡರೆ ಸುಮ್ಮನೆ ಬಿಡುವುದಿಲ್ಲ. ‘ಯಾವೂರ್ರೀ ನಿಮ್ದು? ಯಾಕ ಹೊಂಟೀರಿ ಈ ಕಡೆ?’ ಎಂದು ಕೇಳಿಯೇ ಕೇಳುತ್ತಾರೆ. ಸೈಕಲ್ ಬರಹವನ್ನು ಅಳೆಯಲು ನನಗೆ ಗೊತ್ತಿರುವ ಒಳ್ಳೆಯ ಅಳತೆಗೋಲು ಈ ಎರಡು ಪ್ರಶ್ನೆಗಳೇ. ನೋಡುತ್ತಿದ್ದವನು ನೋಡಿಸಿಕೊಳ್ಳುವ ಗಳಿಗೆ ಬರಹದೊಳಗೆ ಬಂದಿದೆಯೇ, ಇಲ್ಲವೇ?

ಕನ್ನಡದ ಓದುಗರಾದ ನಮಗೆ ಬಯಲು ಕಾಣದಿರಲು ನಮ್ಮದೇ ಒಂದು ಕಾರಣವೂ ಇದೆ. ಭೂದೃಶ್ಯ ಎಂದರೆ ಏನೆಂದು ನಮಗೆ ಕಲಿಸಿದವರು ಹೆಚ್ಚಾಗಿ ಮಲೆನಾಡು ಕರಾವಳಿಯ ಲೇಖಕರು. ಕುವೆಂಪು, ಕಾರಂತ, ತೇಜಸ್ವಿ ಇವರ ಕಾಡು, ಮಳೆ, ಕಡಲು ನಮ್ಮ ಕಣ್ಣುಗಳನ್ನು ತಿದ್ದಿವೆ. ಆ ಕಣ್ಣು ಹೊತ್ತುಕೊಂಡು ಬಳ್ಳಾರಿಗೆ ಬಂದವರಿಗೆ ‘ಹಸಿರಿಲ್ಲ’ ಎಂಬುದು ಮೊದಲು ಹೊಳೆಯುತ್ತದೆ. ಇನ್ನು ಪ್ರವಾಸದ ಪುಸ್ತಕಗಳಲ್ಲಿ ಬಳ್ಳಾರಿ ಜಿಲ್ಲೆಗೆ ಹೋಗುವುದೆಂದರೆ ಹಂಪಿಗೆ ಹೋಗುವುದು ಎಂದೇ ಆಗಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹಂಪಿ ಅತ್ತ ಹೋಯಿತು. ಬಳ್ಳಾರಿಗೆ ಉಳಿದದ್ದು ಐದು ತಾಲ್ಲೂಕುಗಳು ಮತ್ತು ಗಣಿಯ ದೂಳಿನ ಸುದ್ದಿಚಿತ್ರ. ಹಾಳು ವೈಭವ ಅಥವಾ ಕೆಂಪು ದೂಳು: ಇವೆರಡರ ನಡುವೆ ಊರು, ಹೊಲ, ದಾರಿಗಳಿಗೆ ಭಾಷೆಯೇ ಇಲ್ಲವೇನೋ ಎನ್ನುವಂತೆ ನಾವು ಬರೆಯುತ್ತ ಬಂದಿದ್ದೇವೆ.

ಭಾಷೆ ಇಲ್ಲದಿರುವುದಲ್ಲ, ನಾವು ಅದನ್ನು ಹುಡುಕದಿರುವುದು. ಬಳ್ಳಾರಿ ನಗರದ ಮಗ್ಗುಲಲ್ಲೇ ಇರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳನ್ನು ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಜಿಲ್ಲೆಯ ಕಲ್ಲುಗಳನ್ನು ಓದುತ್ತ ತಿರುಗಿದಾಗ ನವಶಿಲಾಯುಗದ ಜನ ಇಲ್ಲಿ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದುದಕ್ಕೆ ಕುರುಹು ಸಿಕ್ಕಿತು. ಇಂದು ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರಿದೆ. ಗುಡ್ಡದ ಕಪ್ಪುಶಿಲೆಯ ಬಂಡೆಗಳ ಮೇಲೆ ದನಗಳ ಚಿತ್ರಗಳಿವೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಬೇಕೆಂದೇ ತಟ್ಟಿ ತಟ್ಟಿ ಸವೆದ ಗುಳಿಗಳಿರುವ ಈ ಬಂಡೆಗಳ ಬಗ್ಗೆ ನಿಕೋಲ್ ಬೋಯಿವಿನ್ 2004ರಲ್ಲಿ ಬರೆದರು, ಜೊತೆಗೆ ಸುತ್ತಲಿನ ಕಲ್ಲುಗಣಿಗಾರಿಕೆ ಅವುಗಳಿಗೆ ಒಡ್ಡಿರುವ ಅಪಾಯವನ್ನೂ ಹೇಳಿದರು. ಕುಡತಿನಿಯ ಬಳಿ ರಸ್ತೆಯ ಪಕ್ಕದಲ್ಲೇ ಬೂದಿದಿಬ್ಬವಿದೆ. ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ಸಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬ ಅದು. ತೆಕ್ಕಲಕೋಟೆಯ ಗುಡ್ಡಗಳಲ್ಲಿ ಅದೇ ಕಾಲದ ಮನೆಗಳ ನೆಲಗಟ್ಟು ಸಿಕ್ಕಿದೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳ ಶಾಸನಗಳಲ್ಲಿ ಅಶೋಕನ ಸ್ವಂತ ಹೆಸರೇ ಇದೆ. ದೇಶದಲ್ಲಿ ಅಂಥ ಶಾಸನಗಳು ಬೆರಳೆಣಿಕೆಯಷ್ಟು. ಸವಾರ ‘ನಿರ್ಜನ’ ಎಂದು ಬರೆಯುವ ದಾರಿಯಲ್ಲಿ ದನ ಹೊಡೆದುಕೊಂಡು ಹೋದವರು ನಾಲ್ಕು ಸಾವಿರ ವರ್ಷ ಹಿಂದೆಯೂ ಇದ್ದರು, ಇವತ್ತು ಬೆಳಿಗ್ಗೆಯೂ ಇದ್ದರು.

ಈ ಜನಸಂದಣಿಯನ್ನು ಗದ್ಯಕ್ಕೆ ತಂದ ಲೇಖಕರೂ ನಮ್ಮಲ್ಲೇ ಇದ್ದಾರೆ. ಕೊಟ್ಟೂರಿನ ಕುಂ. ವೀರಭದ್ರಪ್ಪ ಅವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಥಾಮಸ್ ಮನ್ರೋನ ಕಾಲದ ಸೀಮೆಯನ್ನು ಕಟ್ಟುವ ಆ ಕಾದಂಬರಿಯಲ್ಲಿ ವಾಕ್ಯಗಳು ಮುಗಿಯಲೊಲ್ಲವು. ಒಬ್ಬರ ಮಾತಿನೊಳಗೆ ಇನ್ನೊಬ್ಬರು, ಕನ್ನಡದೊಳಗೆ ತೆಲುಗು, ದೇವರ ಮೈಮೇಲೆ ಮನುಷ್ಯರು ನುಗ್ಗುತ್ತಲೇ ಇರುತ್ತಾರೆ. ಅದು ಅತಿಯಾಯಿತು ಎಂದು ದೂರುವ ಓದುಗರಿದ್ದಾರೆ. ಆಯಾಸ ನನಗೂ ಆಗುತ್ತದೆ. ಆದರೆ ಬಯಲು ಎಂದರೆ ಖಾಲಿ ಎಂದು ನಂಬಿದವರಿಗೆ ಇದಕ್ಕಿಂತ ಗಟ್ಟಿ ಉತ್ತರ ಕನ್ನಡದಲ್ಲಿ ಇಲ್ಲ. ಸೈಕಲ್ ಬರಹ ಕುಂವೀಯವರ ಶೈಲಿಯನ್ನು ಅನುಕರಿಸಬೇಕಿಲ್ಲ. ಅವರ ಕಿವಿಯನ್ನು ಸ್ವಲ್ಪ ಕಡ ತಂದರೆ ಸಾಕು.

ಸಣ್ಣ ಸಂಗತಿಯೊಂದರಲ್ಲಿ ಎಷ್ಟು ಕಥೆ ಅಡಗಿರುತ್ತದೆ ಎಂಬುದಕ್ಕೆ ಮುಳ್ಳೇ ಸಾಕ್ಷಿ. ಈ ದಾರಿಗಳಲ್ಲಿ ಟೈರು ಪಂಕ್ಚರ್ ಮಾಡುವ ಮುಖ್ಯ ಶತ್ರು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಗಿಡ ಅಮೆರಿಕ ಖಂಡಗಳದು. ಹೊರಗಿನಿಂದ ತಂದು ನೆಟ್ಟದ್ದು ಹೊಲ, ಹಳ್ಳ, ಕೆರೆಯಂಗಳಗಳನ್ನು ಆಕ್ರಮಿಸಿತು, ಜೊತೆಗೆ ಬಡವರ ಒಲೆಗೆ ಸೌದೆಯಾಯಿತು, ಇದ್ದಿಲು ಸುಡುವವರಿಗೆ ಕೂಳು ಕೊಟ್ಟಿತು. ಪಂಕ್ಚರ್ ಆದಾಗ ಸವಾರ ಬರೆಯುವುದು ತನ್ನ ತಾಳ್ಮೆಯ ಬಗ್ಗೆ. ಮುಳ್ಳಿನ ಬಗ್ಗೆ ಬರೆದಿದ್ದರೆ ಒಂದು ಸೀಮೆಯ ಚರಿತ್ರೆ ಸಿಗುತ್ತಿತ್ತು.

ಸೈಕಲ್ಲಿನ ಚರಿತ್ರೆಯೂ ಹಾಗೆಯೇ. ಗರಸು ದಾರಿಯಲ್ಲಿ ಸೈಕಲ್ ತುಳಿಯುವುದು ಇಲ್ಲಿ ಹೊಸ ಹವ್ಯಾಸವಲ್ಲ. ಹಾಲಿನ ಕ್ಯಾನು, ಮೇವಿನ ಹೊರೆ, ಮೆಣಸಿನಕಾಯಿ ಚೀಲ ಹೇರಿಕೊಂಡ ರಾಡ್ ಬ್ರೇಕಿನ ಸೈಕಲ್ಲುಗಳು ಈ ಕೆಲಸ ಮಾಡಿ ಮುದುಕಾಗಿವೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಪಕ್ಕದೂರಿನ ಹೈಸ್ಕೂಲಿಗೆ ಹೋಗುವ ಹುಡುಗಿಯರು ಈ ದಾರಿಗಿಳಿದರು. ತಮಿಳುನಾಡಿನ ಪುದುಕ್ಕೋಟ್ಟೈನಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತೆಯ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ ಕಲಿತದ್ದನ್ನು ಪಿ. ಸಾಯಿನಾಥ್ ಬರೆದಿದ್ದಾರೆ. ಅಲ್ಲಿ ಸೈಕಲ್ ಎಂದರೆ ಬಸ್ಸಿಗಾಗಿ, ಗಂಡಸರಿಗಾಗಿ ಕಾಯದೆ ಹೊರಡುವ ಸ್ವಾತಂತ್ರ್ಯ. ಬಳ್ಳಾರಿ ಸೀಮೆಯ ಹುಡುಗಿಯೊಬ್ಬಳು ತನ್ನ ದಾರಿಯನ್ನು ತಾನೇ ಬರೆದರೆ ಅದಕ್ಕೆ ‘ನಿರ್ಜನ’ ಎಂಬ ಪದ ಸಂತೋಷದ್ದಾಗಿರುತ್ತದೆಯೇ? ಒಂಟಿ ದಾರಿ ಅವಳಿಗೆ ಭಯವೂ ಆಗಿರಬಹುದು. ಒಂದೇ ದಾರಿ, ಒಂದೇ ಪದ, ಎರಡು ಬದುಕು.

ಇಷ್ಟೆಲ್ಲ ಒಂದು ಪದಕ್ಕಾಗಿಯೇ ಎಂದು ಕೇಳಬಹುದು. ಪದಗಳಿಗೆ ಪರಿಣಾಮಗಳಿವೆ. ಕಂದಾಯದ ಕಡತಗಳಲ್ಲಿ ‘ಪಾಳು’ ಎಂದು ಬರೆದ ಮೇಲೆ ಕುರಿ ಮೇಯುವ ನೆಲ ಬೇರೆ ಕೆಲಸಗಳಿಗೆ ಸುಲಭವಾಗಿ ಸಿಗುತ್ತದೆ. ಕುಡತಿನಿಯ ಸುತ್ತಿನ ಹಳ್ಳಿಗಳ ರೈತರು ಕಾರ್ಖಾನೆಗಳಿಗೆಂದು ಹೋದ ಜಮೀನಿಗೆ ನ್ಯಾಯದ ಬೆಲೆ ಕೇಳಿ ವರ್ಷಗಟ್ಟಲೆ ಧರಣಿ ಕೂತದ್ದು ನಮಗೆ ಗೊತ್ತು. ಸೈಕಲ್ ಬರಹ ಯಾರ ಜಮೀನನ್ನೂ ಕಸಿದಿಲ್ಲ, ನಿಜ. ಆದರೆ ‘ಇಲ್ಲಿ ಯಾರೂ ಇಲ್ಲ’ ಎಂಬ ವಾಕ್ಯವನ್ನು ಸುಂದರವಾಗಿ ಬರೆಯುವವರು, ಅದೇ ವಾಕ್ಯವನ್ನು ಲೆಕ್ಕಾಚಾರದಿಂದ ಬರೆಯುವವರಿಗೆ ಅರಿಯದೆಯೇ ನೆರವಾಗುತ್ತಾರೆ.

ಸವಾರಿಯ ಸುಖವನ್ನು ಬಿಟ್ಟುಕೊಡಬೇಕೆಂದು ಯಾರೂ ಹೇಳುತ್ತಿಲ್ಲ. ಎರೆಯ ಮೇಲೆ ಜೋಳ ತಲೆದೂಗುವ ಚಳಿಗಾಲದ ಬೆಳಿಗ್ಗೆ, ಕುರುಗೋಡಿನ ಬೃಹತ್ ನಂದಿಯ ಎದುರು ಸೈಕಲ್ ಒರಗಿಸಿ ಕೂರುವ ಸುಖ ದೊಡ್ಡದೇ. ಬರೆಯುವಾಗ ಮಾತ್ರ ಒಂದಿಷ್ಟು ಕೆಲಸ ಮಾಡೋಣ. ದಾರಿಯ ಹೆಸರು ಕೇಳೋಣ. ಇಲ್ಲಿ ಪ್ರತಿ ದಾರಿ, ಹಳ್ಳ, ಹೊಲಕ್ಕೂ ಹೆಸರಿದೆ. ‘ನಿರ್ಜನ’ ಎಂದು ಬರೆಯಲು ಕೈ ಹೋದಾಗ ಅದರ ಬದಲು ಆ ಹೊತ್ತಿಗೆ ಅಲ್ಲಿನವರು ಎಲ್ಲಿದ್ದರು ಎಂದು ಬರೆಯೋಣ: ಗದ್ದೆಯಲ್ಲೋ, ಗಣಿಯಲ್ಲೋ, ಬೆಂಗಳೂರಿಗೆ ಹೊರಟ ಬಸ್ಸಿನಲ್ಲೋ. ಆ ಒಂದು ವಾಕ್ಯ ಬರೆಯಲು ಸೈಕಲ್ಲಿನಿಂದ ಇಳಿಯಬೇಕಾಗುತ್ತದೆ.