ಮಂಡಈಯ ಎಂಟು ಮೂಲೆಯ ಗೋಪುರ

ಪುಣೆಯ ಮಹಾತ್ಮಾ ಫುಲೆ ಮಂಡಈಗೆ ಬೆಳಗಿನ ಹೊತ್ತೇ ಹೋಗಬೇಕು. ಮೆಂತ್ಯ ಸೊಪ್ಪಿನ ಕಂತೆ, ಒದ್ದೆ ಗೋಣಿಚೀಲ, ಎತ್ತರದ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಕ್ಕಡಿ ಹಿಡಿದ ಅಜ್ಜಿ. ಅಲ್ಲಿಂದ ತಲೆಯೆತ್ತಿದರೆ ಎಂಟು ಮೂಲೆಯ ಗೋಪುರ, ಅದರ ಚೂಪು ಶಿಖರ. ಮಾರುಕಟ್ಟೆಯ ಸಾಲುಗಳು ಈ ನಡುಗೋಪುರದಿಂದಲೇ ಚಕ್ರದ ಅರಗಳಂತೆ ಹೊರಡುತ್ತವೆ. ಗಾಳಿ ಬೆಳಕಿಗೆ ತಡೆಯಿಲ್ಲ. ಸೊಪ್ಪು ಬಾಡದಿರಲು ಬೇಕಾದದ್ದೂ ಅದೇ.

ಈ ಮಾರುಕಟ್ಟೆ ತೆರೆದದ್ದು 1886ರಲ್ಲಿ. ಆಗಿನ ಹೆಸರು ಮುಂಬಯಿ ಗವರ್ನರ್ ಲಾರ್ಡ್ ರೇ ನೆನಪಿನ ರೇ ಮಾರ್ಕೆಟ್. ಗಾಥಿಕ್ ಶೈಲಿ ಯುರೋಪಿನದು, ಆದರೆ ಕಟ್ಟಿದವರು ವಾಸುದೇವ ಬಾಪೂಜಿ ಕಾನಿಟ್ಕರ್. ಚರ್ಚಿಗೆ ಒಪ್ಪುವ ಗಾಂಭೀರ್ಯವನ್ನು ತರಕಾರಿ ಮಾರುವವರ ತಲೆಯ ಮೇಲೆ ನಿಲ್ಲಿಸಿದ್ದು ನನಗೆ ಬಲು ಇಷ್ಟ.

ಮುನಸಿಪಾಲಿಟಿ ಸದಸ್ಯರಾಗಿದ್ದ ಜೋತಿಬಾ ಫುಲೆ ಈ ಖರ್ಚನ್ನೇ ವಿರೋಧಿಸಿದ್ದರು. ಆ ಹಣ ಬಡವರ ಓದಿಗೆ ಹೋಗಲಿ ಎಂಬುದು ಅವರ ವಾದ. ಮುಂದೆ ಕಟ್ಟಡಕ್ಕೆ ಅವರದೇ ಹೆಸರು ಬಂತು. ಪುಣೆಗೆ ಹೋದವರು ಶನಿವಾರವಾಡೆ ನೋಡಿ ಹಾಗೇ ಮರಳಬೇಡಿ, ಕೈಚೀಲ ಹಿಡಿದು ಇಲ್ಲಿಗೂ ಬನ್ನಿ.