‘ಕಾಣಲಿಲ್ಲ’ ಎಂದು ಬರೆಯುವುದು

ನಮ್ಮ ಕಾಡಿನ ಬರಹಗಳಲ್ಲಿ ರಾತ್ರಿ ಎಂದರೆ ಏನಾದರೊಂದು ಆಗಲೇಬೇಕು. ಪೊದೆ ಅಲುಗಬೇಕು, ಟಾರ್ಚಿಗೆ ಕಣ್ಣು ಹೊಳೆಯಬೇಕು, ಇಲ್ಲವೇ ಕೋವಿಯಾದರೂ ಸಿಡಿಯಬೇಕು. ಕೆನೆತ್ ಆಂಡರ್ಸನ್ನನ ಶಿಕಾರಿ ಕಥೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ಮೇಲಂತೂ ಈ ನಿರೀಕ್ಷೆ ಇನ್ನಷ್ಟು ಗಟ್ಟಿಯಾಯಿತು. ಏನೂ ಕಾಣದ ರಾತ್ರಿಗಳ ಬಗ್ಗೆ ನಾವು ಬರೆದದ್ದು ಕಡಿಮೆ.

ಇದು ನನಗೆ ಹೊಳೆದದ್ದು ಸಂಶೋಧನೆಯ ಓದಿನಲ್ಲಲ್ಲ, ತುಮಕೂರು ಸೀಮೆಯ ಹೈಸ್ಕೂಲು ಮಕ್ಕಳ ಹಿಂದೆ ನಡೆದ ಒಂದು ರಾತ್ರಿಯಲ್ಲಿ. ಆ ಕಡೆಯ ನಾಗವಲ್ಲಿ ಕಾಡುಪಾಪಗಳಿಗೆ ಹೆಸರಾದ ಊರು. ಅಲ್ಲಿನ ಶಾಲಾಮಕ್ಕಳು ಅವುಗಳ ಜಾಡು ಹಿಡಿಯುವುದನ್ನು ಕಲಿತಿದ್ದಾರೆ. ನಾನು ಕಂಡ ಮಕ್ಕಳು ಟಾರ್ಚಿಗೆ ಕೆಂಪು ಹಾಳೆ ಸುತ್ತಿದ್ದರು, ಪ್ರಾಣಿಯ ಕಣ್ಣಿಗೆ ಕಿರಿಕಿರಿಯಾಗದಿರಲೆಂದು. ಬೇಲಿಸಾಲಿನ ಗುಂಟ ನಿಧಾನ ನಡಿಗೆ. ಕಂಡರೆ ಸಮಯ, ಮರ, ನೆಲದಿಂದ ಎತ್ತರ, ಅದು ಏನು ಮಾಡುತ್ತಿತ್ತು ಎಂಬುದನ್ನು ಬರೆಯಬೇಕು. ಕಾಣದಿದ್ದರೆ ಅದನ್ನೂ ಬರೆಯಬೇಕು.

ಹುಣಸೆ ಮರದಡಿ ಹುಡುಗನೊಬ್ಬ “ಏನೋ ಹೊಳೀತು, ಬರಕೊ” ಎಂದ. ಪುಸ್ತಕ ಹಿಡಿದಿದ್ದ ಹುಡುಗಿ, “ಎರಡೂ ಕಣ್ಣು ನೋಡಿದೆಯಾ?” ಎಂದು ಕೇಳಿದಳು. ಅವನು ಸುಮ್ಮನಾದ. ಅವಳು ‘8.40, ಹುಣಸೆ, ಕಾಣಲಿಲ್ಲ’ ಎಂದು ಬರೆದಳು.

‘ಕರ್ವಾಲೊ’ (1980) ಕಾದಂಬರಿಯನ್ನು ಈ ಸಾಲಿನ ಪಕ್ಕದಲ್ಲಿಟ್ಟು ಓದಬೇಕೆನಿಸಿತು. ಹಳ್ಳಿಗ ಮಂದಣ್ಣನ ಕಣ್ಣನ್ನು ವಿಜ್ಞಾನಿ ನಂಬಿದ್ದೇ ಅದರ ಹಿರಿಮೆ ಎನ್ನುತ್ತೇವೆ; ನಿಜ. ಆದರೆ ಮಂದಣ್ಣ ಕಂಡದ್ದು ತಿಳಿವಳಿಕೆಯಾಗಲು ಕರ್ವಾಲೊ ಬೇಕು. ಈ ಹುಡುಗಿಯಲ್ಲಿ ಕಾಣುವ ಕಣ್ಣು, ಅನುಮಾನಿಸುವ ಮನಸ್ಸು ಎರಡೂ ಒಟ್ಟಿಗಿವೆ. ಕೊನೆಗೆ ಹಾರುವ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಬರಿಗೈಯಲ್ಲಿ ಮರಳುವ ಧೈರ್ಯ ತೇಜಸ್ವಿಗಿತ್ತು. ಆದರೂ ಅದು ಕಂಡು ಕಳೆದುಕೊಂಡವರ ಬರಿಗೈ, ಬೆರಗಿನಿಂದ ತುಂಬಿದ್ದು. ಅವರ ನಂತರ ಬರೆದ ಬಹಳಷ್ಟು ಜನ ಆ ಬೆರಗನ್ನು ತೆಗೆದುಕೊಂಡರು, ಅದರ ಹಿಂದಿನ ತಾಳ್ಮೆಯನ್ನು ಬಿಟ್ಟರು.

ಕಾಡುಪಾಪದ ವಿಷಯದಲ್ಲಿ ಆ ತಾಳ್ಮೆಗೆ ಬೆಲೆಯಿದೆ. ಅದು ನೆಗೆಯುವ ಪ್ರಾಣಿಯಲ್ಲ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಮರದಿಂದ ಮರಕ್ಕೆ ದಾಟುತ್ತದೆ. ಬೇಲಿ ಸವರಿದರೆ, ರಸ್ತೆ ಅಗಲವಾದರೆ ದಾರಿ ಕಡಿಯಿತು. ಮಾಟಕ್ಕೆ, ನಾಟಿ ಔಷಧಿಗೆ ಹಿಡಿಯುವವರ ಕಾಟ ಬೇರೆ. ಅದು ಇಲ್ಲವಾದರೆ ಊರಿಗೆ ಸದ್ದೂ ಕೇಳಿಸದು. ‘ಕಂಡಿತು’ಗಳ ನಡುವೆ ‘ಕಾಣಲಿಲ್ಲ’ಗಳು ಹೆಚ್ಚುತ್ತಾ ಹೋಗುವುದೊಂದೇ ಸಾಕ್ಷಿ. ಹುಮ್ಮಸ್ಸಿಗೆ ಒಂದು ಸುಳ್ಳು ‘ಕಂಡಿತು’ ಸೇರಿಸಿದರೂ ಆ ಸಾಕ್ಷಿ ಕೆಡುತ್ತದೆ.

ಸಾಹಿತ್ಯದ ತರಗತಿಗಳಲ್ಲಿ ನಾವು ‘ಅನುಭವದ ಅಧಿಕೃತತೆ’ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತೇವೆ. ಮುಂದಿನ ಸಲ ಪರಿಸರದ ಪುಸ್ತಕವೊಂದನ್ನು ವಿಮರ್ಶಿಸುವಾಗ ಆ ಹುಡುಗಿಯ ಪ್ರಶ್ನೆಯನ್ನೇ ಕೇಳಬೇಕೆಂದಿದ್ದೇನೆ: ಎರಡೂ ಕಣ್ಣು ನೋಡಿದೆಯಾ?