‘ಕೊಂದಾನ’ ಮತ್ತು ‘ಕೊಂದಾನು’: ಚಾರಿತ್ರಿಕ ಅಪರಾಧಕಥನದ ಓದುಗರ ಅಭಿಪ್ರಾಯಗಳ ಭಾಷಿಕ ನೆಲೆ

1. ಪ್ರಶ್ನೆ

ಕಾದಂಬರಿಯನ್ನು ಓದಿ ಮುಗಿಸಿದವರು ಆಡುವ ಮೆಚ್ಚುಗೆ, ಆಕ್ಷೇಪಗಳನ್ನು ಸಾಹಿತ್ಯ ವಿಮರ್ಶೆಯು ಅಭಿರುಚಿಯ ಪ್ರಶ್ನೆಯೆಂದು ಬದಿಗಿಡುತ್ತದೆ. ಭಾಷಾಶಾಸ್ತ್ರವಂತೂ ಅವನ್ನು ತನ್ನ ವ್ಯಾಪ್ತಿಗೆ ಸೇರಿದವೆಂದೇ ಎಣಿಸುವುದಿಲ್ಲ. ಇಂಥ ಅಭಿಪ್ರಾಯಗಳಲ್ಲಿ ಕೆಲವು ವ್ಯಾಕರಣದಿಂದ ಹುಟ್ಟುತ್ತವೆ ಎಂಬುದು ನಮ್ಮ ವಾದ. ಇದಕ್ಕೆ ನಾವು ಆರಿಸಿಕೊಂಡಿರುವುದು ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ (1982). ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಕಂಬಾರರ ಕಥನಭಾಷೆಗೆ ಗೋಕಾಕ, ಹುಕ್ಕೇರಿ ಮತ್ತು ಈಗ ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾಗಿರುವ ಮೂಡಲಗಿ ಸೀಮೆಗಳ ಆಡುಮಾತೇ ಆಧಾರ. ದೇಸಾಯರ ಮನೆತನವೊಂದರ ಅವನತಿಯನ್ನು, ಅದರೊಳಗಿನ ಆಸ್ತಿಯಾಸೆ ಮತ್ತು ಹಿಂಸೆಯನ್ನು ಈ ಕೃತಿ ಸಿಂಗಾರೆವ್ವನ ಜೊತೆಗಿದ್ದ ಹೆಣ್ಣೊಬ್ಬಳ ಬಾಯಿಂದ ಕೇಳಿದ ಕಥೆಯಾಗಿ ನಿರೂಪಿಸುತ್ತದೆ.

ಈ ಬಗೆಯ ಕೃತಿಗಳ ಬಗ್ಗೆ ಓದುಗರಿಂದ ಮೂರು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ: ‘ಭಾಷೆ ಕಷ್ಟ’, ‘ಕಥೆ ನಿಧಾನ, ಗುಟ್ಟು ಬೇಗ ಒಡೆಯುತ್ತದೆ’, ‘ಇದು ನಿಜವಾಗಿ ನಡೆದದ್ದೇ?’. ಎಷ್ಟು ಜನ ಹೀಗೆ ಹೇಳುತ್ತಾರೆಂಬ ಲೆಕ್ಕ ಇಲ್ಲಿ ನಮ್ಮ ಉದ್ದೇಶವಲ್ಲ. ಈ ಮಾತುಗಳು ಯಾವ ಓದಿನಿಂದ ಹೊರಡುತ್ತವೆ ಎಂಬುದಷ್ಟೇ ನಮ್ಮ ವಿಚಾರ.

2. ನಿಧಾನದ ಆಕ್ಷೇಪ

ಎರಡನೆಯ ಮಾತನ್ನು ಮೊದಲು ಗಮನಿಸೋಣ. ಅಪರಾಧಕಥೆಯೆಂದರೆ ಒಗಟು ಎಂಬ ನಿರೀಕ್ಷೆಯನ್ನು ಕನ್ನಡ ಓದುಗರಲ್ಲಿ ಬೆಳೆಸಿದ್ದು ಪತ್ತೇದಾರಿ ಕಾದಂಬರಿ. ಎನ್. ನರಸಿಂಹಯ್ಯನವರ ಪುರುಷೋತ್ತಮ, ಅರಿಂಜಯರಂಥ ಪತ್ತೇದಾರರು ಕೊನೆಯ ಪುಟಗಳಲ್ಲಿ ಗಂಟು ಬಿಡಿಸುತ್ತಿದ್ದರು. 1945ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ‘ಸೀರೀ ನ್ವಾರ್’ ಮಾಲೆಯಿಂದ ಹೆಸರು ಪಡೆದ ನ್ವಾರ್ ಕಥನದ ರೀತಿಯೇ ಬೇರೆ. ಅಲ್ಲಿ ಅಪರಾಧಿ ಯಾರೆಂಬುದಕ್ಕಿಂತ ಅಪರಾಧದಲ್ಲಿ ಯಾರೆಲ್ಲ ಪಾಲುದಾರರು ಎಂಬುದು ಮುಖ್ಯ. ನ್ಯಾಯ ಕೊನೆಗೂ ಪೂರ್ತಿಯಾಗಿ ದಕ್ಕುವುದಿಲ್ಲ.

ಬೆಳಗಾವಿ ಸೀಮೆಗೆ ಈ ರೀತಿ ಹೊರಗಿನಿಂದ ಬರಬೇಕಾಗಿರಲಿಲ್ಲ. ಬೈಲಹೊಂಗಲದಲ್ಲಿ ನಡೆದ ಕೊಲೆಯನ್ನು ಆಧರಿಸಿದ್ದೆಂದು ಹೇಳಲಾಗುವ ಸಣ್ಣಾಟ ‘ಸಂಗ್ಯಾ ಬಾಳ್ಯಾ’ದಲ್ಲಿ ಸಂಗ್ಯಾನ ಸಾವು ಪ್ರೇಕ್ಷಕರಿಗೆ ಮೊದಲೇ ಗೊತ್ತು. ಬಾಳ್ಯಾ ಹೇಗೆ ಗೆಳೆಯನನ್ನು ಬಿಟ್ಟುಕೊಟ್ಟ, ಈರ್ಯಾ ಮತ್ತು ಅವನ ತಮ್ಮಂದಿರು ಹೇಗೆ ಸಂಚು ಹೂಡಿದರು ಎಂಬುದನ್ನು ಕಾಣಲೆಂದೇ ಜನ ರಾತ್ರಿಯೆಲ್ಲ ಕೂರುತ್ತಾರೆ. ಈ ಆಟವನ್ನು ಸಂಪಾದಿಸಿದವರಲ್ಲಿ ಕಂಬಾರರೂ ಒಬ್ಬರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯೇ ಅವರ ಸಂಶೋಧನೆಯ ವಿಷಯವಾಗಿತ್ತು. ಆದ್ದರಿಂದ ‘ಗುಟ್ಟು ಬೇಗ ಒಡೆಯುತ್ತದೆ’ ಎಂಬ ಆಕ್ಷೇಪ ಒಂದು ಕಥನಸಂಪ್ರದಾಯದ ಅಳತೆಗೋಲಿನಿಂದ ಇನ್ನೊಂದನ್ನು ಅಳೆದುದರ ಫಲ.

3. ಕಷ್ಟ ಎಲ್ಲಿದೆ?

‘ಭಾಷೆ ಕಷ್ಟ’ ಎನ್ನುವವರು ಸಾಮಾನ್ಯವಾಗಿ ಪದಗಳತ್ತ ಬೆರಳು ಮಾಡುತ್ತಾರೆ. ಪದಕೋಶ ಆ ಕೊರತೆಯನ್ನು ನೀಗಿಸಬಲ್ಲದು. ನಿಜವಾದ ತೊಡಕಿರುವುದು ಕಣ್ಣಿಗೆ ಪರಿಚಿತವಾಗಿಯೇ ಕಾಣುವ ಕ್ರಿಯಾರೂಪಗಳಲ್ಲಿ. ಕೆಳಗಿನ ಉದಾಹರಣೆಗಳು ಕಾದಂಬರಿಯವಲ್ಲ, ನಾವು ರಚಿಸಿಕೊಂಡವು.

(1) ಅಂವ ಕೊಂದಾನ.
(2) ಅವನು ಕೊಂದಾನು.

ಉತ್ತರದ ಆಡುಮಾತಿನ (1) ‘ಕೊಂದಿದ್ದಾನೆ’ ಎಂಬ ಅರ್ಥ ಕೊಡುತ್ತದೆ. ಶಿಷ್ಟ ಕನ್ನಡದ (2) ಸಂಭಾವನಾರ್ಥಕ, ‘ಕೊಲ್ಲಬಹುದು’ ಎಂದರ್ಥ. ಇವೆರಡರ ನಡುವೆ ಇರುವುದು ಕೊನೆಯ ಒಂದೇ ಸ್ವರ. ಮೈಸೂರು ಸೀಮೆಯ ಓದುಗನಿಗೆ ‘ಕೊಂದಾನು’, ‘ಕೊಂದಾಳು’, ‘ಕೊಂದಾರು’ಗಳ ಅಭ್ಯಾಸವಿರುವುದರಿಂದ ‘ಕೊಂದಾನ’, ‘ಕೊಂದಾಳ’, ‘ಕೊಂದಾರ’ಗಳೂ ಆ ಸಾಲಿನವೆಂದು ತೋರುವುದು ಸಹಜ. ನಡೆದುಹೋದ ಕೃತ್ಯ ಅವನ ಓದಿನಲ್ಲಿ ನಡೆಯಬಹುದಾದ ಕೃತ್ಯವಾಗುತ್ತದೆ.

ನಪುಂಸಕ ಲಿಂಗದಲ್ಲಿ ಈ ಗೊಂದಲವಿಲ್ಲ. ಉತ್ತರದ ‘ಸಿಕ್ಕೈತಿ’ಗೂ ಶಿಷ್ಟ ಕನ್ನಡದ ‘ಸಿಕ್ಕೀತು’ವಿಗೂ ಹೋಲಿಕೆ ಕಡಿಮೆ. ಹೀಗಾಗಿ ‘ಹೆಣ ಸಿಕ್ಕೈತಿ’ ಎಂಬುದನ್ನು ಯಾರೂ ತಪ್ಪಾಗಿ ಓದುವುದಿಲ್ಲ. ‘ಇವರು ಕೊಂದಾರ’ ಎಂಬಲ್ಲಿ ಎಡವುತ್ತಾರೆ. ವಸ್ತುವಿಗೆ ಏನಾಯಿತೆಂಬುದು ಖಚಿತವಾಗಿ ತಿಳಿಯುತ್ತದೆ, ಮಾಡಿದವರು ಯಾರೆಂಬುದು ಮಸುಕಾಗುತ್ತದೆ. ಅಪರಾಧಕಥನದಲ್ಲಿ ಇದಕ್ಕಿಂತ ದುಬಾರಿಯಾದ ಗೊಂದಲ ಬೇರೊಂದಿರಲಾರದು.

ಎರಡನೆಯ ತೊಡಕು ‘ಅಂತ’ದ್ದು. ದಕ್ಷಿಣದ ಕನ್ನಡ ಉದ್ಧರಣಸೂಚಕ ‘ಅಂತ’ವನ್ನೂ ವದಂತಿಸೂಚಕ ‘ಅಂತೆ’ಯನ್ನೂ ಬೇರೆಬೇರೆಯಾಗಿ ಉಳಿಸಿಕೊಂಡಿದೆ: ‘ಬಂದ ಅಂತ ಹೇಳಿದ’, ‘ಬಂದನಂತೆ’. ಉತ್ತರದಲ್ಲಿ ಪದಾಂತ್ಯದ ಎಕಾರ ಇಲ್ಲಿ ಅಕಾರವಾಗುವುದರಿಂದ ಎರಡೂ ‘ಅಂತ’ವೇ ಆಗುತ್ತವೆ, ಬೇರ್ಪಡಿಸುವುದು ವಾಕ್ಯದಲ್ಲಿನ ಸ್ಥಾನ ಮತ್ತು ದನಿಯ ಏರಿಳಿತ. ಮುದ್ರಿತ ಪುಟದಲ್ಲಿ ದನಿ ಇರುವುದಿಲ್ಲ. ‘ವಾಡೇದಾಗ ಕೊಲಿ ಆಗೇತಂತ’ ಎಂಬ ಪೂರ್ಣ ವಾಕ್ಯ ದಕ್ಷಿಣದ ಓದುಗನಿಗೆ ಅಪೂರ್ಣವೆನಿಸುತ್ತದೆ. ಅವನು ಬಾರದ ಮುಖ್ಯ ಕ್ರಿಯಾಪದಕ್ಕಾಗಿ ಕಾಯುತ್ತಾನೆ. ‘ನಿಧಾನ’ ಎಂಬ ದೂರಿನ ಒಂದು ಪಾಲು ಈ ಕಾಯುವಿಕೆಯದ್ದೂ ಇರಬಹುದೆಂದು ನಾವು ಭಾವಿಸುತ್ತೇವೆ.

ಎರಡೂ ಕೂಡಿದಾಗ ಅರ್ಥವೇ ತಿರುಗುತ್ತದೆ:

(3) ಅಂವ ಕೊಂದಾನಂತ ಊರಾಗ ಮಾತೈತಿ.

ಗೋಕಾಕದ ಓದುಗನಿಗೆ ಇದು ಕಳೆದುಹೋದ ಕೊಲೆಯ ಬಗೆಗಿನ ವದಂತಿ. ‘ಕೊಂದಾನು + ಅಂತ’ ಎಂದು ಬಿಡಿಸುವವನಿಗೆ ಇದು ಮುಂದೆ ಆಗಬಹುದಾದ ಕೊಲೆಯ ಭಯ.

4. ‘ಖರೇ ಐತಿ’ ಎಂಬ ಮೆಚ್ಚುಗೆ

ಹಾಗಾದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಓದುಗರು ಸರಿಯಾಗಿಯೇ ಓದುತ್ತಾರೆಯೇ? ಅವರ ಮೆಚ್ಚುಗೆಯನ್ನೂ ನಾವು ಪ್ರಶ್ನಿಸಬೇಕಾಗಿದೆ. ‘ನಮ್ಮ ಮಾತು ಇದ್ದಂಗೈತಿ, ಎಲ್ಲಾ ಖರೇ ಐತಿ’ ಎಂಬ ಮಾತಿನಲ್ಲಿ ಎರಡು ತೀರ್ಪುಗಳು ಬೆಸೆದುಕೊಂಡಿವೆ. ಮೊದಲನೆಯದು ಭಾಷೆಯ ಸಹಜತೆಗೆ ಸಂಬಂಧಿಸಿದ್ದು, ಎರಡನೆಯದು ಸಂಗತಿಯ ಸತ್ಯಕ್ಕೆ. ಮೊದಲನೆಯದು ಎರಡನೆಯದಕ್ಕೆ ಪುರಾವೆಯಾಗಲಾರದು. ದಿನನಿತ್ಯ ಆಡುವವರಿಗೆ ‘ಅಂತ’ ಎಷ್ಟು ರೂಢಿಯೆಂದರೆ ಅದು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳದೆ ಹೋಗಬಹುದು. ಆಗ ಕೇಳಿದ ಮಾತು ಕಂಡ ಮಾತಾಗುತ್ತದೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದತ್ತ, ಮರಾಠಿಯೂ ಬಲ್ಲವರು ‘ತೋ ಆಲಾ ಮ್ಹಣೇ’ ಎಂಬಲ್ಲಿನ ‘ಮ್ಹಣೇ’ಯನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾದೀತು: ಅಲ್ಲಿ ವದಂತಿಸೂಚಕ ಬಿಡಿ ಪದವಾಗಿ ನಿಲ್ಲುತ್ತದೆ, ಇಲ್ಲಿ ಕ್ರಿಯಾಪದದೊಳಗೆ ಕರಗುತ್ತದೆ.

ಇದು ಬರಿಯ ವ್ಯಾಕರಣದ ಸೂಕ್ಷ್ಮವಲ್ಲ. ಹೇಳಿಕೆಯ ಮೂಲವನ್ನು ಮರೆತ ಓದು ಯಾರ ಮೇಲಾದರೂ ತಪ್ಪು ಹೊರಿಸುತ್ತದೆ, ಅದು ಬಹುಮಟ್ಟಿಗೆ ಹೆಣ್ಣಿನ ಮೇಲೆ. ‘ಸಂಗ್ಯಾ ಬಾಳ್ಯಾ’ದಲ್ಲಿ ಮೋಹಿಸಿದವನು ಸಂಗ್ಯಾ, ದಾರಿ ಮಾಡಿಕೊಟ್ಟವರು ಬಾಳ್ಯಾ ಮತ್ತು ಪಾರಮ್ಮ, ಕೊಂದವರು ಈರ್ಯಾ ಮತ್ತು ತಮ್ಮಂದಿರು, ಆದರೂ ಗಂಗಿಯನ್ನೇ ಮೂಲಕಾರಣವೆನ್ನುವ ಮಾತು ಸಲೀಸಾಗಿ ಬರುತ್ತದೆ. ಸಿಂಗಾರೆವ್ವನ ಕುರಿತ ತೀರ್ಪುಗಳಿಗೂ ಇದೇ ಅಪಾಯವಿದೆ. ಆಕೆಯನ್ನು ನಾವು ನೇರವಾಗಿ ಅರಿತಿಲ್ಲ. ಪ್ರೀತಿಯೂ ಹಂಗೂ ಇದ್ದ ಇನ್ನೊಬ್ಬ ಹೆಣ್ಣು ಹೇಳಿದ್ದನ್ನು ಕೇಳಿದ್ದೇವೆ.

ಮೂರನೆಯ ಮಾತಿಗೆ, ‘ನಿಜವಾಗಿ ನಡೆದದ್ದೇ?’ ಎಂಬುದಕ್ಕೆ, ಇಲ್ಲಿಯೇ ಉತ್ತರವಿದೆ. ಶಿವಾಪುರ ಕಲ್ಪಿತ ಊರು. ದೇಸಗತಿಯ ವ್ಯವಸ್ಥೆ ಮಾತ್ರ ಕಲ್ಪಿತವಲ್ಲ. ಮುಂಬಯಿ ಪ್ರಾಂತ್ಯದಲ್ಲಿ 1950ರ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿ ಕಾಯಿದೆ ಅಂಥ ವತನಗಳನ್ನು ಕೊನೆಗಾಣಿಸಿತು. ಕಾಯಿದೆಗೆ ದಾಖಲೆಯಿದೆ, ವಾಡೆಯ ಒಳಗೆ ನಡೆದದ್ದಕ್ಕೆ ‘ಅಂತ’ ಮಾತ್ರ ಇರುತ್ತದೆ. ಚರಿತ್ರೆಯೂ ನ್ವಾರೂ ಕೂಡುವುದು ಈ ಅಂತರದಲ್ಲಿ.

5. ಒಂದು ಆಕ್ಷೇಪ ಮತ್ತು ಫಲಿತ

ಸಂದರ್ಭವೇ ಅರ್ಥವನ್ನು ತಿಳಿಗೊಳಿಸುತ್ತದೆ, ಕೆಲವು ಪುಟಗಳಲ್ಲಿ ಓದುಗ ಹೊಂದಿಕೊಳ್ಳುತ್ತಾನೆ ಎಂದು ಆಕ್ಷೇಪಿಸಬಹುದು. ಬಿಡಿ ವಾಕ್ಯಗಳ ಮಟ್ಟಿಗೆ ಇದನ್ನು ಒಪ್ಪುತ್ತೇವೆ. (1)ರ ಅರ್ಥ ಹಿಂದುಮುಂದಿನ ವಾಕ್ಯಗಳಿಂದ ದೊರೆಯುವುದುಂಟು. ನಿರೂಪಕಿಯನ್ನು ಎಷ್ಟು ನಂಬಬೇಕೆಂಬ ಎಣಿಕೆಯಾದರೋ ನೂರಾರು ಇಂಥ ರೂಪಗಳಿಂದ ಸ್ವಲ್ಪಸ್ವಲ್ಪವಾಗಿ ಕಟ್ಟಿಕೊಳ್ಳುವಂಥದು. ಅದನ್ನು ಸಂದರ್ಭ ತಿದ್ದಿಕೊಡುವುದಿಲ್ಲ, ಏಕೆಂದರೆ ಸಂದರ್ಭವನ್ನು ಕಟ್ಟಿಕೊಡುವವಳು ನಿರೂಪಕಿಯೇ. ಹಾಗೆಂದು ಎಲ್ಲ ಬೇಸರಕ್ಕೂ ವ್ಯಾಕರಣವೇ ಕಾರಣವೆಂದು ನಾವು ಹೇಳುತ್ತಿಲ್ಲ. ಅರ್ಥವಾಗಿಯೂ ಕಾದಂಬರಿ ರುಚಿಸದಿರಲು ಓದುಗನಿಗೆ ಹಕ್ಕಿದೆ.

ಇದರಿಂದ ಸಂಶೋಧಕರಿಗೆ ಮೂರು ಸೂಚನೆಗಳು ದೊರೆಯುತ್ತವೆ. ಓದುಗರ ಅಭಿಪ್ರಾಯ ಸಂಗ್ರಹಿಸುವವರು ಓದುಗನ ವಯಸ್ಸು, ಓದುಗಳ ಜೊತೆಗೆ ಅವನ ಮನೆಮಾತಿನ ಪ್ರಭೇದವನ್ನೂ ದಾಖಲಿಸಬೇಕು. ‘ಏನು ನಡೆಯಿತು?’ ಎಂಬ ಪ್ರಶ್ನೆಯ ಜೊತೆಗೆ ‘ಹಾಗೆಂದು ಯಾರು ಹೇಳುತ್ತಾರೆ?’ ಎಂಬುದನ್ನು ಪ್ರತ್ಯೇಕವಾಗಿ ಕೇಳಬೇಕು. ಪ್ರಾದೇಶಿಕ ಕೃತಿಗಳ ಕೊನೆಯಲ್ಲಿ ಪದಾರ್ಥ ಕೊಡುವ ಸಂಪಾದಕರು ಕ್ರಿಯಾಪ್ರತ್ಯಯಗಳಿಗೂ ಅರ್ಧ ಪುಟ ಮೀಸಲಿಡಬೇಕು. ಗೊತ್ತಿಲ್ಲದ ಪದವನ್ನು ಓದುಗ ಹುಡುಕಿಕೊಳ್ಳುತ್ತಾನೆ. ಗೊತ್ತಿದೆಯೆಂದುಕೊಂಡ ಪ್ರತ್ಯಯವನ್ನು ಹುಡುಕುವ ಯೋಚನೆಯೇ ಅವನಿಗೆ ಬರುವುದಿಲ್ಲ.